ಇಂಟರ್ನೆಟ್ ಅನುದಾನದ ಅರ್ಜಿ ಯಾರ ಹೆಸರಲ್ಲಿ?

ಬೆಳಗುಂಬ ರಸ್ತೆ ಬಡಾವಣೆ ನಿವಾಸಿಗಳ ಗುಂಪು, ತುಮಕೂರು

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ನೆಟ್ ವಿಷಯ ಇಲ್ಲಿ ಮಾತ್ರ ಮಾತಾಡೋಣ. ಕಸದ ಗಾಡಿ, ಬೀದಿ ನಾಯಿ, ಬೋರ್‌ವೆಲ್ ಮೋಟಾರ್ ದಯವಿಟ್ಟು ಬೇರೆ ಕಡೆ ಹಾಕಿ. ಸಮಸ್ಯೆ ಎಲ್ಲರಿಗೂ ಗೊತ್ತು. ಫೈಬರ್ ಎಳೆಯುವವರು ಎರಡನೇ ಕ್ರಾಸ್ ತನಕ ಬಂದು ನಿಲ್ಲಿಸಿದರು. ಮುಂದಕ್ಕೆ ಮನೆ ಕಡಿಮೆ, ಲಾಭ ಇಲ್ಲ ಅಂದರು. ಹಿಂದಿನ ಶೀಟಿನ ಮನೆಗಳ ಕಡೆಗಂತೂ ತಿರುಗಿಯೂ ನೋಡಲಿಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ತಾರಸಿ ಹತ್ತಬೇಕು. ಈಗ ನಾಲ್ಕನೇ ಕ್ರಾಸಿನ ಹುಡುಗ ಒಂದು ಅನುದಾನದ ವಿಷಯ ತಂದಿದ್ದಾನೆ.

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಥ್ಯಾಂಕ್ಸ್ ಅಂಕಲ್. ಸಮುದಾಯದವರೇ ಕಟ್ಟಿ ನಡೆಸುವ ನೆಟ್‌ವರ್ಕ್‌ಗೆ ಹಣ ಕೊಡುವ ಸಂಸ್ಥೆಗಳಿವೆ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಎಪಿನಿಕ್ ಫೌಂಡೇಶನ್‌ನ ಐಸಿಫ್ ಏಷ್ಯಾ ಅನ್ನುವ ಅನುದಾನ ನಿಧಿ ಇದೆ, 2008 ರಿಂದ ನಡೆಯುತ್ತಿದೆ. ಇಂಟರ್ನೆಟ್ ಸೊಸೈಟಿ ಫೌಂಡೇಶನ್ ಕೂಡ ಇಂಥ ಕೆಲಸಕ್ಕೆ ಕೊಡುತ್ತದೆ. ಭಾರತದಲ್ಲಿ ಇದು ಹೊಸದೇನಲ್ಲ. ಮಧ್ಯಪ್ರದೇಶದ ಚಂದೇರಿಯಲ್ಲಿ, ಅದೇ ಸೀರೆ ಊರು, ಡಿಜಿಟಲ್ ಎಂಪವರ್‌ಮೆಂಟ್ ಫೌಂಡೇಶನ್‌ನವರು 2010 ರಲ್ಲಿ ಇಂಟರ್ನೆಟ್ ಸೊಸೈಟಿ ಜೊತೆ ಸೇರಿ ನೇಕಾರರಿಗೆ ವೈರ್‌ಲೆಸ್ ನೆಟ್ ಶುರು ಮಾಡಿದರು. ಅಷ್ಟು ದೂರ ಯಾಕೆ, ನಮ್ಮ ದೇವರಾಯನದುರ್ಗದ ಹತ್ತಿರ ದುರ್ಗದಹಳ್ಳಿಯಲ್ಲೇ ಜನಸ್ತು ಸಂಸ್ಥೆಯವರು 'ಕೌಮೆಶ್' ಅಂತ ಸಮುದಾಯದ ವೈಫೈ ಮಾಡಿದ್ದಾರೆ. ಅಲ್ಲಿ ಸರ್ವರ್ ಊರೊಳಗೇ ಇರುತ್ತದೆ. ಹೊರಗಿನ ನೆಟ್ ಇಲ್ಲದಿದ್ದರೂ ಊರಿನವರ ಧ್ವನಿ, ವಿಡಿಯೋ ಒಳಗೊಳಗೇ ಸಿಗುತ್ತದೆ. ನಾವೂ ಅರ್ಜಿ ಹಾಕಬಹುದು ಅಲ್ವಾ?

ಎರಡನೇ ಕ್ರಾಸ್, ಮೂಲೆ ಮನೆ:
ಬಹಳ ಒಳ್ಳೆಯದು. ತಡ ಯಾಕೆ? ನನ್ನ ಖಾತೆ ನಂಬರ್ ಕೊಡುತ್ತೇನೆ. ಅಮೆರಿಕದಲ್ಲಿ ನನ್ನ ಭಾಮೈದ ಇದ್ದಾನೆ, ಅವನ ಮೂಲಕ ತರಿಸಿಕೊಂಡರೂ ಆಯಿತು.

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಸರ್, ದಯವಿಟ್ಟು ಹಾಗೆ ಮಾತ್ರ ಮಾಡಬೇಡಿ. ಇದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣದ ಎಫ್‌ಸಿಆರ್‌ಎ 2010 ರ ಕಾಯ್ದೆ ಇದಕ್ಕೆ ಅನ್ವಯಿಸುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಇಂಥ ಕೆಲಸಕ್ಕೆ ವಿದೇಶಿ ಸಂಸ್ಥೆಯ ಹಣ ತೆಗೆದುಕೊಳ್ಳುವುದು ಅಪರಾಧ. ವೈಯಕ್ತಿಕ ಖಾತೆಗೆ ಹಾಕಿಸಿಕೊಂಡರೆ ಇನ್ನೂ ಕಷ್ಟ. ರಾತ್ರಿ ಅಡುಗೆ ಮುಗಿಸಿ ವಿವರವಾಗಿ ಬರೆಯುತ್ತೇನೆ.

ಎರಡನೇ ಕ್ರಾಸ್, ಮೂಲೆ ಮನೆ:
ಸರಿ ಮೇಡಂ. ಸುಮ್ನೆ ಕೇಳಿದೆ.

ಮೊದಲ ಕ್ರಾಸ್, ಡ್ಯೂಪ್ಲೆಕ್ಸ್ ಮನೆ:
ನಮಗೆ ನೆಟ್ ಇದೆ. ಆದರೂ ಕೇಳುತ್ತೇನೆ. ನನ್ನ ವೈಫೈ ಪಾಸ್‌ವರ್ಡ್ ಹಿಂದಿನವರಿಗೆ ಕೊಟ್ಟರೆ ಮುಗಿಯಿತಲ್ಲ? ಅನುದಾನ ಯಾಕೆ?

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಅಂಕಲ್, ನಿಮ್ಮ ಕನೆಕ್ಷನ್‌ನಲ್ಲಿ ಯಾರೋ ಏನೋ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ದುಡ್ಡು ತೆಗೆದುಕೊಂಡು ಹಂಚಿದರೆ ಕಂಪನಿಯವರ ಷರತ್ತೂ ಮುರಿದ ಹಾಗೆ. ಅದಕ್ಕೆ ಸರಿಯಾದ ದಾರಿ ಪಿಎಂ-ವಾಣಿ. ಕೇಂದ್ರ ಸಂಪುಟ 2020 ರ ಡಿಸೆಂಬರ್ 9 ರಂದು ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ. ಚಿಲ್ಲರೆ ಅಂಗಡಿಯವರೂ ವೈಫೈ ಮಾರಬಹುದು. ಅವರನ್ನು ಪಿಡಿಒ ಅನ್ನುತ್ತಾರೆ. ನಮ್ಮ ಪಂಚಾಯಿತಿ ಪಿಡಿಒ ಅಲ್ಲ, ಪಬ್ಲಿಕ್ ಡೇಟಾ ಆಫೀಸ್! ಅದಕ್ಕೆ ಲೈಸೆನ್ಸ್ ಬೇಡ, ಶುಲ್ಕವೂ ಇಲ್ಲ. ಮೇಲೆ ಹಲವು ಪಿಡಿಒಗಳನ್ನು ಒಟ್ಟಿಗೆ ನೋಡಿಕೊಳ್ಳುವ ಒಬ್ಬ ಅಗ್ರಿಗೇಟರ್ ಇರುತ್ತಾನೆ. ಯಾರು ಯಾವಾಗ ಸೇರಿದರು ಅನ್ನುವ ಲೆಕ್ಕ ಅವನದು. ಬಳಸುವವರು ಆ್ಯಪ್‌ನಲ್ಲಿ ಓಟಿಪಿ ಕೊಟ್ಟು ಸೇರಬೇಕು.

ಹಾಲಿನ ಬೂತ್ ಅಕ್ಕ:
ಅಂದ್ರೆ ನಾನೂ ಮಾರಬಹುದಾ? ಹತ್ತು ರೂಪಾಯಿ ಪ್ಯಾಕೆಟ್ ಥರ?

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಮಾರಬಹುದು ಅಕ್ಕ. ಆದರೆ ನೀವು ಕಂಪನಿಯಿಂದ ಒಂದು ಲೈನ್ ತೆಗೆದುಕೊಳ್ಳಬೇಕು. ಮೊದಲು ಪಿಡಿಒ ಅಂದ ತಕ್ಷಣ ದುಬಾರಿ ಕಮರ್ಷಿಯಲ್ ಲೈನ್ ತಗೊಳ್ಳಿ ಅನ್ನುತ್ತಿದ್ದರು. 2025 ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶ ಮಾಡಿದೆ. 200 ಎಂಬಿಪಿಎಸ್ ತನಕದ ಮನೆ ಫೈಬರ್ ಪ್ಲಾನ್‌ಗಳನ್ನು ಪಿಡಿಒಗಳಿಗೂ ಕೊಡಬೇಕು, ಮನೆ ದರದ ಎರಡು ಪಟ್ಟು ಮೀರಬಾರದು. ನಿಮ್ಮ ಬೂತ್ ಎರಡನೇ ಕ್ರಾಸ್‌ನಲ್ಲೇ ಇದೆ, ಫೈಬರ್ ಸಿಗುತ್ತದೆ.

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಇಂಥ ಅನುದಾನ ವ್ಯಕ್ತಿಗಳಿಗೆ ಕೊಡುವುದಿಲ್ಲ. ನೋಂದಾಯಿತ ಸಂಸ್ಥೆಯೇ ಬೇಕು. ನಮ್ಮ ನಿವಾಸಿಗಳ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ರಡಿ ನೋಂದಣಿ ಆಗಿದೆ. ಹೌದು, ಆಗಿದೆ. ಆದರೆ ಪ್ರತಿ ವರ್ಷ ಸಲ್ಲಿಸಬೇಕಾದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಿಲ್ಲ. ನಮ್ಮ ಪುಸ್ತಕದಲ್ಲಿ ಇರುವುದು ಗಣೇಶನ ಚಪ್ಪರ, ರಾಜ್ಯೋತ್ಸವದ ಧ್ವಜ, ಊಟದ ಎಲೆ. ಅಷ್ಟೇ.

ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು. ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಚಪ್ಪರದ ಲೆಕ್ಕದಲ್ಲಿ ಅದು ಆಗುವುದಿಲ್ಲ. ಇನ್ನೊಂದು ದಾರಿ ಪೂರ್ವಾನುಮತಿ. ಇಂಥ ದಾನಿ, ಇಷ್ಟು ಹಣ, ಇಂಥ ಕೆಲಸ ಅಂತ ದಾನಿಯ ಒಪ್ಪಿಗೆ ಪತ್ರದ ಜೊತೆ ಗೃಹ ಸಚಿವಾಲಯಕ್ಕೆ ಕೇಳಬೇಕು. ಅದು ಬರುವ ತನಕ ಅನುದಾನ ಕೊಡುವವರು ಕಾಯುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಅನುಮತಿ ಸಿಕ್ಕರೂ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು 20 ಶೇಕಡಾ ಮೀರಬಾರದು.

ಹಾಗಾದರೆ ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯ ಮೂಲಕ ತರಿಸಿ ನಮ್ಮ ಖಾತೆಗೆ ಹಾಕಿಸಿಕೊಂಡರೆ ಅಂತ ಕೇಳುತ್ತೀರಿ. 2020 ರ ತಿದ್ದುಪಡಿ ಅದನ್ನೂ ಮುಚ್ಚಿದೆ. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವ ಹಾಗಿಲ್ಲ. ಆ ಸಂಸ್ಥೆಯೇ ಅರ್ಜಿ ಹಾಕಬೇಕು, ಅದೇ ಖರ್ಚು ಮಾಡಬೇಕು. ಸಾಮಾನು ಅದರ ಹೆಸರಲ್ಲಿ ಇರುತ್ತದೆ. ನಾವು ಜಾಗ, ಜನ, ದುಡಿಮೆ ಕೊಡುವ ಸಮುದಾಯ ಪಾಲುದಾರರು.

ಎರಡನೇ ಕ್ರಾಸ್, ಮೂಲೆ ಮನೆ:
ನಮ್ಮ ತಾರಸಿ, ನಮ್ಮ ಕರೆಂಟು, ವೈಫೈ ಪೆಟ್ಟಿಗೆ ಮಾತ್ರ ಅವರದ್ದಾ? ನಾಳೆ ಕಿತ್ತುಕೊಂಡು ಹೋದರೆ?

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಒಳ್ಳೆಯ ಪ್ರಶ್ನೆ ಸರ್. ಅದಕ್ಕೇ ಅರ್ಜಿಗೆ ಮುಂಚೆ ಒಪ್ಪಂದ ಬರೆಯಬೇಕು. ಯೋಜನೆ ಮುಗಿದ ಮೇಲೆ ಸಾಮಾನು ಎಲ್ಲಿರುತ್ತದೆ, ಕೆಟ್ಟರೆ ಯಾರ ಖರ್ಚು, ಪಾಸ್‌ವರ್ಡ್ ಯಾರ ಬಳಿ, ಇದೆಲ್ಲ ಅದರಲ್ಲಿ ಇರಬೇಕು. ಪಾಸ್‌ವರ್ಡ್ ಯಾರ ಬಳಿ ಅನ್ನುವುದನ್ನು ಬರೆಯಲು ಮರೆಯಬೇಡಿ. ಪೆಟ್ಟಿಗೆ ಯಾರದ್ದು ಅನ್ನುವುದಕ್ಕಿಂತ ಅದೇ ಮುಖ್ಯ.

ಮೇಷ್ಟ್ರು (ನಿವೃತ್ತ, ಪಾರ್ಕ್ ಎದುರು):
ವಿದೇಶಿ ಹಣವೇ ಯಾಕಮ್ಮ? ವಸಂತನರಸಾಪುರದಲ್ಲಿ ಅಷ್ಟೊಂದು ಕಾರ್ಖಾನೆಗಳಿವೆ. ಅವರು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣ ಕೇಳಬಹುದಲ್ಲ?

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಕೇಳಬಹುದು ಮೇಷ್ಟ್ರೇ, ಅಲ್ಲಿ ಎಫ್‌ಸಿಆರ್‌ಎ ತೊಂದರೆ ಇಲ್ಲ. ಆದರೆ ಅಲ್ಲೂ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷದ ಕೆಲಸದ ಅನುಭವ ಬೇಕು. 2021 ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಕಡ್ಡಾಯ. ಎಲ್ಲಿಗೆ ಹೋದರೂ ಮೊದಲು ಸಂಘದ ಹಳೆಯ ಬಾಕಿ ಲೆಕ್ಕ ಸರಿ ಮಾಡಲೇಬೇಕು.

ಮೇಷ್ಟ್ರು:
ಬಾಕಿ ಲೆಕ್ಕ ನನಗೆ ಕೊಡಿ. ರಸೀದಿಗಳನ್ನು ಯಾರೂ ಬಿಸಾಡಿಲ್ಲ ತಾನೆ?

ಅಡ್ಮಿನ್:
ಬೀರುವಿನಲ್ಲಿವೆ ಮೇಷ್ಟ್ರೇ. ಬೀಗದ ಕೈ ಹುಡುಕಬೇಕು.

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಅರ್ಜಿಯಲ್ಲಿ ಮೊದಲು ಕೇಳುವುದು 'ಯಾರಿಗೆ ನೆಟ್ ಇಲ್ಲ' ಅಂತ. ನಾನು ಹೀಗೆ ಬರೆದಿದ್ದೇನೆ: 'ನಮ್ಮ ಬಡಾವಣೆಯಲ್ಲಿ ಐಟಿ ಉದ್ಯೋಗಿಗಳು ಮನೆಯಿಂದ ಕೆಲಸ ಮಾಡಲು ಆಗುತ್ತಿಲ್ಲ.'

ಮೇಷ್ಟ್ರು:
ಮಗೂ, ಅದನ್ನು ಓದಿ ಯಾರಾದರೂ ಹಣ ಕೊಡುತ್ತಾರಾ? ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂತ ಜಗಳ ಆಡುವ ಬಡಾವಣೆ ನಮ್ಮದು. ಶೀಟಿನ ಮನೆಗಳ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಮನೆಗೆ ಒಂದು ಫೋನು, ಅದೂ ಅಪ್ಪ ಕೆಲಸಕ್ಕೆ ತೆಗೆದುಕೊಂಡು ಹೋಗುತ್ತಾನೆ. ಅವರ ಹೆಸರು ಮುಂದೆ ಬರಬೇಕು. ಬರೀ ಕಾಗದದಲ್ಲಿ ಬಂದರೆ ಸಾಲದು, ಮೊದಲ ಪೆಟ್ಟಿಗೆ ಅಲ್ಲೇ ಕೂರಬೇಕು.

ಮೊದಲ ಕ್ರಾಸ್, ಡ್ಯೂಪ್ಲೆಕ್ಸ್ ಮನೆ:
ಮೇಂಟೆನೆನ್ಸ್ ಕಟ್ಟುವವರು ನಾವು, ಮೊದಲ ಪೆಟ್ಟಿಗೆ ಅವರಿಗಾ?

ಅಡ್ಮಿನ್:
ಸರ್, ನಿಮಗೆ ಈಗಾಗಲೇ ನೆಟ್ ಇದೆ ಅಂತ ನೀವೇ ಮೇಲೆ ಬರೆದಿದ್ದೀರಿ.

ಶೀಟಿನ ಮನೆ ಸಾಲು, ಟೈಲರ್ ಅಕ್ಕ:
ನಮ್ಮನ್ನ ಈ ಗುಂಪಿಗೆ ಸೇರಿಸಿದ್ದಕ್ಕೆ ಥ್ಯಾಂಕ್ಸ್. ಒಂದು ಮಾತು. ನಮ್ಮ ಕಡೆ ನೆಟ್ಟೇ ಇಲ್ಲ ಅಂತ ಬರೀಬೇಡಿ. ರೀಚಾರ್ಜ್ ಇದ್ದಾಗ ಇರುತ್ತೆ. ಬಾಗಿಲ ಹತ್ರ ನಿಂತರೆ ಸಿಗುತ್ತೆ. ಕೂಲಿ ಸಿಗದ ವಾರ ರೀಚಾರ್ಜ್ ಇರಲ್ಲ. ತಿಂಗಳ ಪ್ಲಾನ್ ಒಟ್ಟಿಗೆ ಕಟ್ಟೋಕಾಗಲ್ಲ. ಆಮೇಲೆ, ಅಂಗಡಿ ಮುಂದೆ ವೈಫೈ ಇಟ್ಟರೆ ಗಂಡು ಹುಡುಗರು ಗುಂಪು ನಿಲ್ತಾರೆ. ಹೆಣ್ಣುಮಕ್ಕಳು ಸಂಜೆ ಅಲ್ಲಿಗೆ ಬರಲ್ಲ.

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಇಷ್ಟು ದಿನ ನಾವು ಯಾರೂ ಇದನ್ನು ಯೋಚಿಸಿಯೇ ಇರಲಿಲ್ಲ ಅಕ್ಕ. ಒಂದು ಪೆಟ್ಟಿಗೆ ಬೂತ್‌ನಲ್ಲಿ, ಇನ್ನೊಂದು ಪಂಚಾಯಿತಿ ಲೈಬ್ರರಿಯಲ್ಲಿ ಇಟ್ಟರೆ? ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಮೇಲ್ವಿಚಾರಕಿ ಇರುತ್ತಾರೆ, ಕೂರಲು ಜಾಗ ಇದೆ.

ಶೀಟಿನ ಮನೆ ಸಾಲು, ಟೈಲರ್ ಅಕ್ಕ:
ಲೈಬ್ರರಿ ಆದ್ರೆ ಕಳಿಸ್ತೀವಿ. ಆದರೆ ಅದು ಸಂಜೆ ಎಷ್ಟು ಹೊತ್ತು ತೆಗೆದಿರುತ್ತೆ ಕೇಳಿ.

ಮೇಷ್ಟ್ರು:
ಪಂಚಾಯಿತಿ ಕಚೇರಿ ತನಕ ಸರ್ಕಾರದ ಭಾರತ್‌ನೆಟ್ ಫೈಬರ್ ಬಂದಿದೆಯಾ, ಬಂದಿದ್ದರೆ ಉರಿಯುತ್ತಿದೆಯಾ, ಅದನ್ನೂ ಕೇಳುತ್ತೇನೆ. ಪೆಟ್ಟಿಗೆ ಗೋಡೆಗೆ ಇರುತ್ತದೆ, ದೀಪ ಇರುವುದಿಲ್ಲ. ಅಂಥದ್ದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಎಲೆಕ್ಟ್ರಿಷಿಯನ್ ಅಣ್ಣ, ಐದನೇ ಕ್ರಾಸ್:
ಎಲ್ಲರೂ ಕಾಗದದ ಬಗ್ಗೆ ಮಾತಾಡ್ತಿದ್ದೀರಿ. ನಾನು ಕಂಬದ ಬಗ್ಗೆ ಹೇಳ್ತೀನಿ. ಬೂತ್‌ನಿಂದ ಶೀಟಿನ ಮನೆ ಕಡೆಗೆ ವೈರ್ ಇಲ್ಲದೆ ನೆಟ್ ಕಳಿಸುವ 5 ಗಿಗಾಹರ್ಟ್ಸ್ ಡಿಶ್ ಹಾಕಿದರೆ ಎರಡೂ ತುದಿ ಒಂದಕ್ಕೊಂದು ಕಣ್ಣಿಗೆ ಕಾಣಬೇಕು. ಮಧ್ಯೆ ತೆಂಗಿನ ತೋಟ ಇದೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದರೆ ಚೆನ್ನಾಗೇ ಬರುತ್ತೆ. ಮಳೆಗೆ ಗರಿ ಒದ್ದೆ ಆದಾಗ ಸಿಗ್ನಲ್ ಬಿದ್ದುಹೋಗುತ್ತೆ. ಆದ್ದರಿಂದ ಎತ್ತರ ಬೇಕು, ಪಂಚಾಯಿತಿ ನೀರಿನ ಟ್ಯಾಂಕ್ ಒಂದೇ ದಾರಿ. ಅದಕ್ಕೆ ಲಿಖಿತ ಅನುಮತಿ ತೆಗೆದುಕೊಳ್ಳಿ. ಬೆಸ್ಕಾಂ ಕಂಬಕ್ಕೆ ಮಾತ್ರ ಅವರ ಅನುಮತಿ ಇಲ್ಲದೆ ಏನೂ ಕಟ್ಟುವ ಹಾಗಿಲ್ಲ, ನಾನಂತೂ ಹತ್ತಲ್ಲ.

ನೆಟ್ ಕೇಬಲ್ (ಫೈಬರ್ ಅಲ್ಲ, ತಾಮ್ರದ್ದು) ಒಂದೇ ಉದ್ದಕ್ಕೆ 100 ಮೀಟರ್ ಮೀರಬಾರದು. ಟ್ಯಾಂಕ್ ಮೇಲೆ ಅಂದ್ರೆ ಏಪ್ರಿಲ್ ಗುಡುಗಿಗೆ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇರಲೇಬೇಕು. ಇಲ್ಲದಿದ್ದರೆ ಮೊದಲ ಸಿಡಿಲಿಗೇ ಡಿಶ್, ಸ್ವಿಚ್ ಎರಡೂ ಹೋಗ್ತವೆ. ಕರೆಂಟ್ ಹೋದಾಗ ನಡೆಯೋಕೆ 12 ವೋಲ್ಟ್ ಬ್ಯಾಟರಿ. ಪೆಟ್ಟಿಗೆಗೆ ಬಿರುಕು ಬಿಡಬೇಡಿ, ಹಲ್ಲಿ ಇರುವೆ ಸೇರ್ತವೆ. ಆಮೇಲೆ ದೇವರಾಯನದುರ್ಗದ ಕಡೆಯಿಂದ ಕೋತಿಗಳು ಬರ್ತವೆ, ಅದನ್ನು ಯಾರೂ ಬರೆದಿಲ್ಲ.

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಅಣ್ಣ, ಕೋತಿ ನಿಜವಾಗಿಯೂ ಸಮಸ್ಯೆಯೇ! ಧರ್ಮಶಾಲಾದಲ್ಲಿ ವೈರ್‌ಲೆಸ್ ನೆಟ್ ಕೊಡುವ ಏರ್‌ಜಲ್ದಿಯವರ ಆಂಟೆನಾ ಹಿಡಿದು ಕೋತಿಗಳು ಜೋತಾಡುತ್ತಿದ್ದವಂತೆ. ಅದಕ್ಕೂ ತಡೆಯುವ ಹಾಗೆ ಗಟ್ಟಿಯಾಗಿ ಕಟ್ಟಬೇಕಾಯಿತು. ಬಜೆಟ್‌ನಲ್ಲಿ ಪೈಪಿನ ಒಳಗೆ ಕೇಬಲ್ ಅಂತ ಸೇರಿಸುತ್ತೇನೆ. ತರಂಗಕ್ಕೆ ಮಾತ್ರ ಲೈಸೆನ್ಸ್ ಚಿಂತೆ ಇಲ್ಲ. ವೈಫೈಯ 2.4 ಗಿಗಾಹರ್ಟ್ಸ್ ಮೊದಲೇ ಮುಕ್ತ, 5 ಗಿಗಾಹರ್ಟ್ಸ್ ಭಾಗವನ್ನು 2018 ರಲ್ಲಿ ಇನ್ನಷ್ಟು ಬಿಟ್ಟುಕೊಟ್ಟಿದ್ದಾರೆ. ಶಕ್ತಿಯ ಮಿತಿ ಮೀರಬಾರದು ಅಷ್ಟೇ.

ಎಲೆಕ್ಟ್ರಿಷಿಯನ್ ಅಣ್ಣ:
ಸರಿ. ಎರಡು ವರ್ಷ ಆದಮೇಲೆ ರಾತ್ರಿ ನೆಟ್ ಹೋದರೆ ಯಾರಿಗೆ ಫೋನ್ ಮಾಡ್ತೀರಿ? ನನಗೇ ಅಲ್ವಾ? ಆ ಕೆಲಸಕ್ಕೆ ಸಂಬಳ ಅರ್ಜಿಯಲ್ಲಿ ಎಲ್ಲಿದೆ?

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಇಲ್ಲ. ಹುಡುಗನ ಬಜೆಟ್‌ನಲ್ಲಿ ಪೂರ್ತಿ ಸಾಮಾನೇ ಇದೆ. ಅನುದಾನ ಮುಗಿದ ಮೇಲೆ ತಿಂಗಳ ಲೈನ್ ಬಾಡಿಗೆ, ಬ್ಯಾಟರಿ ಬದಲು, ಅಣ್ಣನ ಕೂಲಿ ಮೂರೂ ಬೂತ್‌ನಲ್ಲಿ ಮಾರುವ ವೈಫೈ ವೋಚರ್ ಹಣದಿಂದ ಹೊರಡಬೇಕು. ಹೊರಡುತ್ತದೋ ಇಲ್ಲವೋ ಅನ್ನುವುದು ಅನುದಾನ ಬಂದ ಮೇಲೆ ಕಂಡುಹಿಡಿಯುವ ವಿಷಯವಲ್ಲ. ನನ್ನ ಅಭಿಪ್ರಾಯ ಇಷ್ಟು: ಈ ಸಲ ನಮ್ಮ ಹೆಸರಲ್ಲಿ ಅರ್ಜಿ ಬೇಡ. ಮೊದಲು ಬೂತ್ ಅಕ್ಕನ ಹತ್ತಿರ ಒಂದು ಪಿಎಂ-ವಾಣಿ ಪಾಯಿಂಟ್ ನಮ್ಮ ಚಂದಾ ಹಣದಲ್ಲೇ ಶುರು ಮಾಡೋಣ. ಎಷ್ಟು ವೋಚರ್ ಹೋಗುತ್ತದೆ, ಯಾರು ಕೊಳ್ಳುತ್ತಾರೆ, ಯಾವ ಹೊತ್ತಿಗೆ, ಪುಸ್ತಕದಲ್ಲಿ ಬರೆಯೋಣ. ಆ ಪುಸ್ತಕ ಹಿಡಿದು ಎಫ್‌ಸಿಆರ್‌ಎ ಇರುವ ಸಂಸ್ಥೆಯ ಬಳಿ ಹೋಗೋಣ. ಆಗ ಮಾತಿಗೆ ತೂಕ ಬರುತ್ತದೆ.

ನಾಲ್ಕನೇ ಕ್ರಾಸ್, ಮಾವಿನ ಮರದ ಮನೆ:
ಆದರೆ ಅರ್ಜಿ ಕರೆಯುವ ಸಮಯ ಮುಗಿದುಹೋಗುತ್ತದೆ ಮೇಡಂ.

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಹೋಗಲಿ. ಮತ್ತೆ ಕರೆಯುತ್ತಾರೆ. ಅರ್ಧಂಬರ್ಧ ಅರ್ಜಿ ಹಾಕುವುದಕ್ಕಿಂತ ಅದೇ ವಾಸಿ.

ಹಾಲಿನ ಬೂತ್ ಅಕ್ಕ:
ನಾನು ರೆಡಿ. ಚಿಕ್ಕ ವೋಚರ್ ಇರಲಿ, ದಿನದ್ದು. ಸಾಲ ಮಾತ್ರ ಕೊಡಲ್ಲ ಅಂತ ಬೋರ್ಡ್ ಹಾಕ್ತೀನಿ.

ಮೊದಲ ಕ್ರಾಸ್, ಡ್ಯೂಪ್ಲೆಕ್ಸ್ ಮನೆ:
ಚಂದಾಕ್ಕೆ ನನ್ನದೂ ಸೇರಿಸಿ. ಲೆಕ್ಕ ಪ್ರತಿ ತಿಂಗಳು ಗುಂಪಿಗೆ ಹಾಕಬೇಕು.

ಅಡ್ಮಿನ್:
ಹಾಗಾದರೆ ಹೀಗೆ. ಮೇಷ್ಟ್ರು ಸಂಘದ ಬಾಕಿ ಲೆಕ್ಕ, ಪಂಚಾಯಿತಿ, ಭಾರತ್‌ನೆಟ್ ವಿಚಾರಣೆ. ಹುಡುಗ ಅಗ್ರಿಗೇಟರ್‌ಗಳ ಷರತ್ತು ತಂದು ಕನ್ನಡದಲ್ಲಿ ಹಾಕಬೇಕು, ದುರ್ಗದಹಳ್ಳಿಗೂ ಒಮ್ಮೆ ಹೋಗಿ ನೋಡಿ ಬರಬೇಕು. ಟೈಲರ್ ಅಕ್ಕ ಮತ್ತು ಮೇಡಂ ಶೀಟಿನ ಮನೆಗಳಲ್ಲಿ ಕೇಳಿ ಬರುತ್ತಾರೆ. ಅಣ್ಣ ಟ್ಯಾಂಕ್ ಹತ್ತಿ ನೋಡುತ್ತಾರೆ.

ಎಲೆಕ್ಟ್ರಿಷಿಯನ್ ಅಣ್ಣ:
ಅನುಮತಿ ಪತ್ರ ಕೈಗೆ ಬಂದ ಮೇಲೆ ಹತ್ತುತ್ತೀನಿ. ಮತ್ತೆ ನನ್ನ ಕೂಲಿ ವಿಷಯ ಮೇಡಂ ಬರೆದುಕೊಂಡ್ರಾ?

ಮೂರನೇ ಕ್ರಾಸ್, ಲೆಕ್ಕಪತ್ರದ ಮೇಡಂ:
ಮೊದಲ ಸಾಲಿನಲ್ಲೇ ಬರೆದಿದ್ದೇನೆ ಅಣ್ಣ. ಎಷ್ಟು ಅಂತ ನೀವೇ ಹೇಳಿ.