ಹೈ ಸೆಕೆಂಡ್‌ನಲ್ಲಿ ಗೋಡು ತಳ್ಳಿದ್ದು ಯಾರು?

ಗುಂಪು: ದೊಡ್ಡಮನೆ ಬಳಗ

ಮಂಜು: ಫೋಟೋ ನೋಡಿ. ನಮ್ಮ ಮಿನಿ ಟ್ರ್ಯಾಕ್ಟರ್‌ನ ಕ್ಲಚ್ ಪ್ಲೇಟ್. ಸುಟ್ಟು ಕರ್ರಗಾಗಿದೆ, ರಿವೆಟ್ ಮೇಲೆ ಬಂದಿದೆ. ಮೆಕ್ಯಾನಿಕ್ ಬಿಲ್ 9,600. ಮೂರು ಮನೆಗೆ ಹಂಚುವ ಮೊದಲು ಒಂದು ಪ್ರಶ್ನೆ. ಕೆರೆ ಗೋಡು (ಹೂಳು ಮಣ್ಣು) ತಳ್ಳುವಾಗ ಗಾಡಿ ಯಾವ ಗೇರ್‌ನಲ್ಲಿತ್ತು?

ರಘು: ಹೆಸರು ಹೇಳಿಯೇ ಕೇಳಣ್ಣ. ಕೊನೆಗೆ ಓಡಿಸಿದ್ದು ನಾನು ಅಂತ ಎಲ್ಲರಿಗೂ ಗೊತ್ತು.

ಮಂಜು: ಸರಿ ರಘು. ಯಾವ ಗೇರ್?

ರಘು: ಹೈ ಸೆಕೆಂಡ್. ಹೈ ಲೋ ಲಿವರ್ ವೇಗದ ಹೈನಲ್ಲಿ, ಗೇರ್ ಎರಡರಲ್ಲಿ. ಲೋನಲ್ಲಿ ಹಾಕಿದರೆ ಗಾಡಿ ಮುಂದಕ್ಕೇ ಹೋಗಲ್ಲ, ಟೈರ್ ನಿಂತಲ್ಲೇ ಸುತ್ತುತ್ತೆ. ಟ್ರಾಲಿಯವನು ಗೋಡನ್ನೆಲ್ಲ ತೋಟದ ಬದುವಿನ ಹತ್ತಿರ ಸುರಿದು ಹೋಗಿದ್ದ. ಬೇರೆ ದಾರಿ ಇರಲಿಲ್ಲ.

ಮಂಜು: ಹೈನಲ್ಲಿ ರಾಶಿಗೆ ಹೋಗಿ ಗುದ್ದೋದು, ಇಂಜಿನ್ ಆಫ್ ಆಗುತ್ತೆ ಅನ್ನೋವಾಗ ಅರ್ಧ ಕ್ಲಚ್ ಒತ್ತೋದು, ಮತ್ತೆ ಹಿಂದೆ ಬಂದು ಗುದ್ದೋದು. ಹೀಗೇ ತಾನೇ ಮಾಡಿದ್ದು? ಸುಟ್ಟ ವಾಸನೆ ನಮ್ಮ ಹಟ್ಟಿಯವರೆಗೂ ಬಂದಿತ್ತು.

ರಘು: ವಾಸನೆ ಬಂದಾಗಲೇ ಬಂದು ಹೇಳಬೇಕಿತ್ತು. ಈಗ ಗುಂಪಿನಲ್ಲಿ ಫೋಟೋ ಹಾಕ್ತೀಯ.

ಅತ್ತೆ: ಭಾನುವಾರ ಗೃಹಪ್ರವೇಶದ ಊಟಕ್ಕೆ ಎಷ್ಟು ಜನ ಬರ್ತೀರಿ? ಲೆಕ್ಕ ಬೇಕು.

ಪ್ರವೀಣ: ಅಣ್ಣಾ, ಇಲ್ಲಿ ಮಿಷಿಗನ್‌ನಲ್ಲಿ ನಾನೂ ಸಣ್ಣ ಟ್ರ್ಯಾಕ್ಟರ್‌ನಲ್ಲೇ ಹಿಮ ತಳ್ಳೋದು. ಇದಕ್ಕೆಲ್ಲ ಸುಲಭದ ದಾರಿ ಇದೆ. ಗಾಡಿ ಹೆಣಗಾಡಿದಾಗ ಪೆಡಲ್ ಜಾಸ್ತಿ ಒತ್ತಬಾರದು, ಸ್ವಲ್ಪ ಬಿಡಬೇಕು. ಬಿಟ್ಟರೆ ಬಲ ಬರುತ್ತೆ.

ಮಂಜು: ಯಾವ ಪೆಡಲ್ ತಮ್ಮಾ? ನಮ್ಮದಕ್ಕೆ ಇರೋದು ಕ್ಲಚ್, ಬ್ರೇಕ್, ಎಕ್ಸಲೇಟರ್.

ಸುಮಾ: ಪ್ರವೀಣ ಹೇಳ್ತಿರೋದು ಹೈಡ್ರೋಸ್ಟಾಟಿಕ್ ಗಾಡಿಯ ಕಥೆ. ಅದರಲ್ಲಿ ಇಂಜಿನ್ ಒಂದು ಪಂಪ್ ತಿರುಗಿಸುತ್ತೆ, ಪಂಪ್‌ನ ಆಯಿಲ್ ಒಂದು ಮೋಟರ್ ತಿರುಗಿಸುತ್ತೆ, ಮೋಟರ್‌ನಿಂದ ಚಕ್ರಕ್ಕೆ. ಪೆಡಲ್ ಒತ್ತಿದಷ್ಟೂ ಜಾಸ್ತಿ ಆಯಿಲ್ ಹರಿಯುತ್ತೆ, ವೇಗ ಬರುತ್ತೆ, ತಳ್ಳುವ ಬಲ ಇಳಿಯುತ್ತೆ. ಕಾಲು ಹಿಂದಕ್ಕೆ ತಂದರೆ ಅದೇ ಇಂಜಿನ್‌ನಿಂದ ಆಯಿಲ್‌ಗೆ ಜಾಸ್ತಿ ಒತ್ತಡ ಕೊಡೋಕಾಗುತ್ತೆ, ತಳ್ಳುವ ಬಲ ಏರುತ್ತೆ. ಆಗಲೂ ಚಕ್ರ ತಿರುಗದೆ ಗಾಡಿ ಕೀರಲು ದನಿಯಲ್ಲಿ ಕೂಗಿದರೆ ಒತ್ತಡ ಮಿತಿ ಮೀರಿದಾಗ ಆಯಿಲ್ ಬಿಡುವ ರಿಲೀಫ್ ವಾಲ್ವ್ ತೆರೆದಿದೆ ಅಂತ. ಆಮೇಲೆ ಒತ್ತಿ ಪ್ರಯೋಜನ ಇಲ್ಲ, ಆಯಿಲ್ ಸುಮ್ನೆ ಬಿಸಿಯಾಗುತ್ತೆ. ಪ್ರವೀಣ, ನಿನ್ನದರಲ್ಲೂ ಪಕ್ಕದಲ್ಲಿ ರೇಂಜ್ ಲಿವರ್ ಇರಬೇಕಲ್ಲ? ಹಿಮ ತಳ್ಳುವಾಗ ಎಲ್ಲಿಡ್ತೀಯ?

ಪ್ರವೀಣ: ಲೋನಲ್ಲೇ ಅಕ್ಕ. ಹೊಸ ಹಿಮ ಹಗುರ ಇದ್ದರೆ ಮಾತ್ರ ಮೀಡಿಯಂ. ಹೈ ರಸ್ತೆಗೆ.

ಮಂಜು: ನೋಡಿದೆಯಾ ರಘು. ಅಮೆರಿಕದಲ್ಲೂ ಲೋ.

ರಘು: ಅಲ್ಲಿ ಹಿಮ, ಇಲ್ಲಿ ಗೋಡು. ಲೋನಲ್ಲಿ ಟೈರ್ ಸುತ್ತುತ್ತೆ ಅಂದೆನಲ್ಲ, ಅದಕ್ಕೆ ಯಾರೂ ಉತ್ತರ ಕೊಡ್ತಿಲ್ಲ.

ಸುಮಾ: ಕೊಡ್ತೀನಿ. ಒಂದು ಎಚ್‌ಪಿ ಅಂದರೆ 75 ಕೆಜಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿ. ನಮ್ಮದು 24 ಎಚ್‌ಪಿ, ಅಂದರೆ ಸೆಕೆಂಡಿಗೆ 1,800 ಕೆಜಿ-ಮೀಟರ್. ಗಾಡಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುವಾಗ ಈ ಶಕ್ತಿಯಿಂದ ಸಿಗುವ ತಳ್ಳುವ ಬಲ 540 ಕೆಜಿ. ಗೇರ್‌ನಲ್ಲಿ ಪೋಲಾಗೋದು ಕಳೆದರೆ 430 ಅಂದುಕೊಳ್ಳಿ. ಅದೂ ಇಂಜಿನ್ ಪೂರ್ತಿ ಆರ್‌ಪಿಎಂನಲ್ಲಿ (ನಿಮಿಷಕ್ಕೆ ತಿರುಗುವ ಸುತ್ತು) ಇದ್ದರೆ ಮಾತ್ರ. 2 ಕಿ.ಮೀ. ವೇಗಕ್ಕೆ ಇಳಿಸಿದರೆ ಆರು ಪಟ್ಟು, 2,500 ಕೆಜಿ ದಾಟುತ್ತೆ. ಈಗ ಗಾಡಿ, ಡ್ರೈವರ್ ಎಲ್ಲ ಸೇರಿ ಒಂದು ಟನ್ ತೂಕ ಅಂತಿಟ್ಟುಕೊಂಡರೆ, ಮಣ್ಣಿನ ಮೇಲೆ ಟೈರ್‌ಗೆ ಸಿಗುವ ಹಿಡಿತ ಅದರ ಅರ್ಧ, 500 ಕೆಜಿ. ಹೈನಲ್ಲಿ ಇಂಜಿನ್ ಸೋಲುತ್ತೆ, ಲೋನಲ್ಲಿ ಟೈರ್ ಸೋಲುತ್ತೆ. ಟೈರ್ ಸೋತರೆ ಒಂದಿಷ್ಟು ರಬ್ಬರ್ ಸವೆಯುತ್ತೆ. ಇಂಜಿನ್ ಸೋಲುವಾಗ ನೀನು ಕ್ಲಚ್ ತುಳಿದು ಉಳಿಸೋಕೆ ಹೋಗ್ತೀಯ, ಆಗ ಪ್ಲೇಟ್ ಹೋಗುತ್ತೆ.

ದೊಡ್ಡಪ್ಪ: (ವಾಯ್ಸ್ ಮೆಸೇಜ್) ಸುಮಾ ಹೇಳಿದ ಲೆಕ್ಕ ನನಗೆ ಅರ್ಧ ತಿಳೀತು. ಆದರೆ ಹೂತ ಗಾಡಿ ಎಳೆಸೋಕೆ ಎತ್ತನ್ನ ಯಾರೂ ಓಡಿಸಿಕೊಂಡು ಬರಲ್ಲ. ನೊಗಕ್ಕೆ ಹೆಗಲು ಕೊಟ್ಟು, ಕಾಲೂರಿ ನಿಂತ ಮೇಲೇನೇ ಹೋ ಅನ್ನೋದು.

ರಘು: ಅಂದರೆ ಟೈರ್ ಸುತ್ತಿದರೆ ಸುಮ್ನೆ ನೋಡ್ತಾ ಕೂರಬೇಕಾ?

ಮಂಜು: ಹಿಂದೆ ಮಣ್ಣು ಹುಡಿ ಮಾಡುವ ರೋಟವೇಟರ್ ಕಟ್ಟಿ ಸ್ವಲ್ಪ ಎತ್ತಿಟ್ಟುಕೋ, ಅದನ್ನು ತಿರುಗಿಸುವ ಪಿಟಿಓ ಹಾಕಬೇಡ. ಹಿಂದಿನ ಟೈರ್ ಮೇಲೆ ತೂಕ ಕೂರುತ್ತೆ. ಫೋರ್ ವೀಲ್ ಲಿವರ್ ಹಾಕು. ರಾಶಿಯನ್ನು ಮಧ್ಯಕ್ಕೆ ನುಗ್ಗಿ ತಳ್ಳಬೇಡ, ಅಂಚಿನಿಂದ ಮುಂದಿನ ಬ್ಲೇಡ್‌ನ ಅರ್ಧ ಅಗಲಕ್ಕೆ ಸಿಗುವಷ್ಟು ಕೆರೆದು ತಗೊಂಡು ಹೋಗು. ಲೋ ಸೆಕೆಂಡ್, 2,000 ಆರ್‌ಪಿಎಂ. ಹೋದ ವರ್ಷ ಇದೇ ಬದುವಿನ ಹತ್ತಿರ ನಾನು ಹೀಗೇ ಮಾಡಿದ್ದು.

ಸುಮಾ: ಒಂದು ಮಾತು ಸೇರಿಸ್ತೀನಿ. ಲೋ ಹಾಕಿದೆ ಅಂತ ಧೈರ್ಯ ಜಾಸ್ತಿ ಆಗಬಾರದು. ಗೋಡಿನೊಳಗೆ ಕಲ್ಲೋ, ಹಳೆ ಅಡಿಕೆ ಮರದ ಬುಡವೋ ಸಿಕ್ಕಿ, ಟೈರ್‌ಗೆ ಒಳ್ಳೆ ಹಿಡಿತ ಇದ್ದರೆ ಆ ಬಲ ಎಲ್ಲ ಆಕ್ಸಲ್ ಮೇಲೆ, ಮುಂದಿನ ಗೇರ್ ಹೌಸಿಂಗ್ ಮೇಲೆ ಬೀಳುತ್ತೆ. ಈ ಸಣ್ಣ ಗಾಡಿಗಳಲ್ಲಿ ಮುಂದಿನ ಆಕ್ಸಲ್ ಅಷ್ಟು ದಪ್ಪ ಇರಲ್ಲ. ಆದರೂ ಗುದ್ದೋದಕ್ಕಿಂತ ವಾಸಿ. ನಾಲ್ಕು ಪಟ್ಟು ವೇಗದಲ್ಲಿ ಹೋಗಿ ಗುದ್ದಿದರೆ ಏಟಿನ ಶಕ್ತಿ 16 ಪಟ್ಟು.

ಪ್ರವೀಣ: ಡಿಫರೆನ್ಷಿಯಲ್ ಲಾಕ್? ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗೋ ಹಾಗೆ ಮಾಡೋದು?

ಮಂಜು: ನೇರ ಹೋಗುವಾಗ ಮಾತ್ರ. 9 ಅಡಿ ಅಂತರದ ಮರದ ಸಾಲಿನಲ್ಲಿ ತಿರುಗಿಸುವಾಗ ಲಾಕ್ ಹಾಕಿದರೆ ಇನ್ನೊಂದು ಫೋಟೋ ಹಾಕಬೇಕಾಗುತ್ತೆ.

ರಘು: ಎಲ್ಲ ಹೇಳಿ ಆಯ್ತಾ? ಈಗ ನನ್ನ ಸರದಿ. ಗಾಡಿ ನನ್ನ ಕೈಗೆ ಬಂದಾಗಲೇ ಕ್ಲಚ್ ಪೆಡಲ್‌ಗೆ ಫ್ರೀ ಪ್ಲೇ ಇರಲಿಲ್ಲ. ಒಂದು ಇಂಚಾದರೂ ಸಡಿಲ ಇರಬೇಕು, ಅಲ್ವಾ? ಮುಟ್ಟಿದ ಕೂಡಲೇ ಬಿಗಿ. ಮಂಜಣ್ಣ, ಟ್ರಾಲಿ ಓಡಿಸುವಾಗ ನಿನ್ನ ಎಡಗಾಲು ಸದಾ ಪೆಡಲ್ ಮೇಲೇ ಇರುತ್ತೆ. ನಾನು ಹಿಂದೆ ಕೂತು ನೋಡಿದ್ದೀನಿ.

ಮಂಜು: ಇಳಿಜಾರಿನಲ್ಲಿ ಇಡಬೇಕಾಗುತ್ತೆ.

ರಘು: ತೋಟದಿಂದ ಸಂತೆವರೆಗೆ ಪೂರ್ತಿ ಇಳಿಜಾರಾ?

ಸುಮಾ: ಇದು ನಿಜ ಮಂಜಣ್ಣ. ಫ್ರೀ ಪ್ಲೇ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಕಚ್ಚಿಕೊಳ್ಳಲ್ಲ, ಸ್ವಲ್ಪ ಸ್ವಲ್ಪ ಜಾರ್ತಾನೇ ಇರುತ್ತೆ. ಆಮೇಲೆ ಭಾರ ಬಿದ್ದ ದಿನ ಒಂದೇ ಸಲ ಸುಡುತ್ತೆ. ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಬಗ್ಗೆ ಮೆಕ್ಯಾನಿಕ್ ಏನಂದ?

ಮಂಜು: ಅದೂ ಸವೆದಿತ್ತು ಅಂದ.

ರಘು: ಅದರ ಫೋಟೋ ಎಲ್ಲಿ ಅಣ್ಣ?

ಚಿಕ್ಕಮ್ಮ: ಬೇರಿಂಗ್ ಒಂದೇ ದಿನದಲ್ಲಿ ಸವೆಯಲ್ಲ ಅಂತ ನಮ್ಮ ಮನೆಯವರು ಹೇಳ್ತಿದ್ದಾರೆ. ಅವರಿಗೆ ಟೈಪ್ ಮಾಡೋಕೆ ಬರಲ್ಲ.

ದೊಡ್ಡಪ್ಪ: (ವಾಯ್ಸ್ ಮೆಸೇಜ್) ಸಾಕು ಮಾಡ್ರಪ್ಪ. 9,600ರಲ್ಲಿ ರಘು ಅರ್ಧ ಕೊಡಲಿ, 4,800. ಉಳಿದಿದ್ದು ಮಂಜು 2,400, ನಾವು 2,400. ಇನ್ನು ಮೇಲೆ ಗಾಡಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಇಬ್ಬರೂ ನಿಂತು ಕ್ಲಚ್ ನೋಡಿ. ಹೈ ಲೋ ಲಿವರ್ ಬದಲಾಯಿಸುವಾಗ ಗಾಡಿ ಪೂರ್ತಿ ನಿಲ್ಲಿಸಿ. ಕರಕರ ಸದ್ದು ಜಗಲಿಗೆ ಕೇಳುತ್ತೆ, ಯಾರು ಅಂತಾನೂ ಗೊತ್ತಾಗುತ್ತೆ.

ರಘು: ದೊಡ್ಡಪ್ಪ, ನೀವು ಹೇಳಿದ ಮೇಲೆ ಕೊಡ್ತೀನಿ. ಆದರೆ ಅರ್ಧ ಜಾಸ್ತಿ ಆಯ್ತು.

ಮಂಜು: ನನಗೆ 2,400 ಕೂಡ ಜಾಸ್ತಿನೇ.

ರಘು: ಗಾಡಿ ನಾಳೆ ಬರುತ್ತಾ? ಇನ್ನೂ ಎರಡು ರಾಶಿ ಬಾಕಿ ಇದೆ. ಮಳೆ ಬಂದರೆ ಗೋಡು ಅಂಟಾಗಿ ಕೂರುತ್ತೆ.

ಮಂಜು: ನಾಡಿದ್ದು ಸಂಜೆ. ಹೊಸ ಪ್ಲೇಟ್, ಮೊದಲು ಒಂದೆರಡು ದಿನ ಹಗುರ ಕೆಲಸ ಮಾಡಿ ಕೂರಿಸಬೇಕು. ನಾನು ಖಾಲಿ ಟ್ರಾಲಿ ಓಡಿಸಿ ಕೊಡ್ತೀನಿ. ರೋಟವೇಟರ್ ನಿನ್ನ ಶೆಡ್‌ನಲ್ಲೇ ಇದೆ, ಕಟ್ಟಿಕೋ.

ರಘು: ನನ್ನ ಶೆಡ್‌ನಲ್ಲಿ ಎಲ್ಲಿದೆ? ಪ್ರವೀಣನ ಅಪ್ಪ ಯುಗಾದಿಗೆ ಮುಂಚೆ ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ.

ಪ್ರವೀಣ: ನನ್ನನ್ನು ಇದಕ್ಕೆ ಎಳೀಬೇಡಿ.

ಅತ್ತೆ: ಎಷ್ಟು ಜನ ಅಂತ ಇನ್ನೂ ಯಾರೂ ಹೇಳಿಲ್ಲ.