ನಿಬ್ಬಿಗೆ ಬಿಸಿನೀರು

ಗುಂಪು: ನಮ್ಮ ಬಳಗ
ಶನಿವಾರ ಸಂಜೆ

ಮೋಹನ ಮಾವ, 6:12
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಮನೆಯಲ್ಲಿ ಹಳೇ ನಿಬ್ಬಿನ ಪೆನ್ನು ಮೂಲೆಗೆ ಬಿದ್ದಿದೆಯೇ? ಎಸೆಯಬೇಡಿ!!
1. ನಿಬ್ಬನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ.
2. ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ.
3. ಸೀಳಿನಲ್ಲಿ ಬ್ಲೇಡು ಆಡಿಸಿ ಕಸ ತೆಗೆಯಿರಿ.
4. ಇಂಡಿಯನ್ ಇಂಕಿನಲ್ಲಿ ಬರೆಯಿರಿ. ಅಕ್ಷರ ಮಾಸುವುದೇ ಇಲ್ಲ!!
ಪೆನ್ನು ಹಿಡಿದ ಕೈ ಮೊಬೈಲು ಹಿಡಿದು… ಇನ್ನಷ್ಟು ಓದಿ

ಮೋಹನ ಮಾವ, 6:13
ಸುಮಾ, ನಿನ್ನ ಪೆನ್ನಿಗೆ ಮದ್ದು ಸಿಕ್ತು ನೋಡು.

ರವಿ, 6:14
ಒಂದೇ ಸೋಫಾದ ಎರಡು ತುದೀಲಿ ಕೂತು ಗುಂಪಲ್ಲಿ ಮಾತಾಡ್ತಿದ್ದೀರಾ ಮಾವ 😀

ಗಿರೀಶ, 6:15
ಇದರ ಮೂಲ ಎಲ್ಲಿ ಮಾವ? ಯಾರು ಬರೆದಿದ್ದು? ಯಾವ ಪೆನ್ನಿಗೆ, ಯಾವ ಇಂಕಿಗೆ? ನಾಲ್ಕಕ್ಕೆ ನಾಲ್ಕೂ ತಪ್ಪು. ಸುಮತ್ತೆ, ದಯವಿಟ್ಟು ನೀರು ಕಾಯಿಸ್ಬೇಡಿ.

ಸುಮ ಅತ್ತೆ, 6:16
ಒಲೆ ಮೇಲಿಟ್ಟಾಯ್ತಲ್ಲೋ.

ಗಿರೀಶ, 6:16
ಇಳಿಸಿ.

ಶ್ರೀಪತಿ ದೊಡ್ಡಪ್ಪ, 6:19
ಒಳ್ಳೆಯ ಸಂದೇಶ ಮೋಹನ್. ಇಂದಿನ ಮಕ್ಕಳಿಗೆ ಪೆನ್ನಿನ ಬೆಲೆ ತಿಳಿಯದು. ವಾಟರ್‌ಮನ್ ಎಂಬ ವಿಮಾ ಏಜೆಂಟ್ ಕರಾರುಪತ್ರಕ್ಕೆ ಸಹಿ ಹಾಕಿಸುವಾಗ ಪೆನ್ನು ಇಂಕು ಕಕ್ಕಿತು. ಇನ್ನೊಂದು ಪ್ರತಿ ತರುವಷ್ಟರಲ್ಲಿ ಗಿರಾಕಿ ಕೈತಪ್ಪಿದ. ಆ ಅವಮಾನದಿಂದಲೇ ಒಳ್ಳೆಯ ಪೆನ್ನು ಹುಟ್ಟಿತು. ಛಲ ಬೇಕು, ಛಲ.

ಗಿರೀಶ, 6:22
ದೊಡ್ಡಪ್ಪ, ಲೂಯಿಸ್ ವಾಟರ್‌ಮನ್‌ಗೆ 1884ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಕರಾರುಪತ್ರದ ಕಥೆ ಆಮೇಲೆ ಕಂಪನಿಯ ಪ್ರಚಾರದಲ್ಲಿ ಬೆಳೆದಿದ್ದು. ಇಂಕು ತುಂಬುವ ಪೆನ್ನಿಗೆ ರೊಮೇನಿಯಾದ ಪೆಟ್ರಾಕೆ ಪೊಯೆನಾರು 1827ರಲ್ಲೇ ಪ್ಯಾರಿಸ್‌ನಲ್ಲಿ ಪೇಟೆಂಟ್ ತಗೊಂಡಿದ್ದ. ವಾಟರ್‌ಮನ್ ಮಾಡಿದ್ದು ಫೀಡ್‌ನ ಕೆಲಸ, ಅಂದ್ರೆ ನಿಬ್ಬಿನ ಕೆಳಗಿರೋ ಕಪ್ಪು ನಾಲಿಗೆ. ಅದರಲ್ಲಿ ಸಣ್ಣ ಸಣ್ಣ ಗೀರು ಕೊರೆದು, ಇಂಕು ಕೆಳಗೆ ಇಳಿಯೋಕೂ ಗಾಳಿ ಮೇಲೆ ಹೋಗೋಕೂ ದಾರಿ ಮಾಡಿದ.

ಶ್ರೀಪತಿ ದೊಡ್ಡಪ್ಪ, 6:24
ನಿನಗೆ ಎಲ್ಲದಕ್ಕೂ ಮೂಲ ಬೇಕು. ಹೋದ ತಿಂಗಳು ನಾನು ಹುಟ್ಟುಹಬ್ಬದ ಶುಭಾಶಯ ಹಾಕಿದರೆ ಅದಕ್ಕೂ ಮೂಲ ಕೇಳಿದೆ.

ಗಿರೀಶ, 6:24
ಶುಭಾಶಯಕ್ಕಲ್ಲ. ತಾರೀಖು ತಪ್ಪಿತ್ತು.

ರವಿ, 6:26
ಇಂಕ್ ಪೆನ್ನು ಅಂದ್ರೆ ಪರೀಕ್ಷೆ ದಿನ ಶರ್ಟಿನ ಜೇಬಲ್ಲಿ ನೀಲಿ ಚಂದ್ರ! ಇಂಕು ಮುಗಿದ್ರೆ ಪಕ್ಕದವನು ಬೆಂಚಿನ ಮೇಲೆ ನಾಲ್ಕು ತೊಟ್ಟು ಉದುರಿಸೋದು, ಅದನ್ನ ನಿಬ್ಬಿಂದ ಹೀರೋದು. ಆ ಸಾಲ ಯಾರೂ ವಾಪಸ್ ಕೊಟ್ಟಿಲ್ಲ.

ಮೋಹನ ಮಾವ, 6:28
ಗಿರೀಶ, ಬಿಸಿನೀರಿಂದ ಏನಾಗುತ್ತೆ ಅಂತ ಹೇಳು ಮೊದಲು. ಸುಮ್ನೆ ತಪ್ಪು ತಪ್ಪು ಅಂದ್ರೆ?

ಗಿರೀಶ, 6:35
ಹೇಳ್ತೀನಿ. ಹಳೇ ಪೆನ್ನುಗಳು ಹೆಚ್ಚಾಗಿ ಎಬೊನೈಟ್. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ್ದು. ವರ್ಷಗಟ್ಟಲೆ ಬೆಳಕು ಕಂಡ ಎಬೊನೈಟ್ ಬಿಸಿನೀರಿಗೆ ಬಿದ್ರೆ ಕಪ್ಪು ಬಣ್ಣ ಹೋಗಿ ಕಂದು, ಹಸಿರುಗಂದು ಆಗುತ್ತೆ. ತಿರುಗಿ ಬರಲ್ಲ, ಮೇಲ್ಪದರ ತಿಕ್ಕಿ ತೆಗೀಬೇಕು. ಎಬೊನೈಟ್ ಫೀಡ್ ಬಿಸಿಗೆ ಮೆತ್ತಗಾಗಿ ಬಾಗುತ್ತೆ ಕೂಡ. ರಿಪೇರಿ ಮಾಡೋರು ಬೇಕಂತಲೇ ಬಿಸಿನೀರಲ್ಲಿ ಅದ್ದಿ ಫೀಡನ್ನ ನಿಬ್ಬಿಗೆ ಅಂಟೋ ಹಾಗೆ ಒತ್ತಿ ಕೂರಿಸ್ತಾರೆ. ಒತ್ತದೆ ಸುಮ್ನೆ ಕುದಿಸಿದ್ರೆ ಫೀಡ್ ತನಗಿಷ್ಟ ಬಂದ ಕಡೆ ಬಾಗಿ, ನಿಬ್ಬಿಗೂ ಅದಕ್ಕೂ ನಡುವೆ ಸಂದು ಬಿಡುತ್ತೆ. ಆಮೇಲೆ ಇಂಕು ನಿಬ್ಬಿಗೆ ಹತ್ತೋದೇ ಇಲ್ಲ.

ಸ್ಪಿರಿಟ್: ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಬ್ಯಾರೆಲ್ಲಿಗೆ, ಅಂದ್ರೆ ಪೆನ್ನಿನ ಕೊಳವೆಗೆ, ತಾಗಿದ್ರೆ ಕೂದಲೆಳೆ ಬಿರುಕು ಬರುತ್ತೆ. ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್ಕಿನ ಹೊಳಪೂ ಹಾಳು. ಇಂಡಿಯನ್ ಇಂಕು: ಅದು ಇಂಗಾಲದ ಪುಡಿ, ಜೊತೆಗೆ ಅರಗಿನಂಥ ಅಂಟು. ಒಣಗಿದ್ರೆ ನೀರಿಗೆ ಕರಗಲ್ಲ. ಫೀಡ್‌ನ ಗೀರುಗಳಲ್ಲಿ ಒಣಗಿದ್ರೆ ಆ ಪೆನ್ನಿನ ಕಥೆ ಮುಗೀತು.

ರೋಹಿಣಿ, 6:38
ಕೇಸಿನ್‌ನಿಂದ ಮಾಡಿದ ಪೆನ್ನೂ ಇರುತ್ತೆ ಗಿರೀಶಣ್ಣ. ಹಾಲಿನ ಪ್ರೋಟೀನು. ಅದಕ್ಕೆ ತಣ್ಣೀರೂ ಆಗಲ್ಲ, ನೆನೆಸಿದ್ರೆ ಊದಿಕೊಳ್ಳುತ್ತೆ. ಸುಮತ್ತೆ, ನಿಮ್ಮ ಪೆನ್ನು ಯಾವುದ್ರದ್ದು? ಬೆರಳಲ್ಲಿ ಜೋರಾಗಿ ತಿಕ್ಕಿ ಮೂಸಿ ನೋಡಿ. ಸುಟ್ಟ ರಬ್ಬರಿನ ವಾಸನೆ ಬಂದ್ರೆ ಎಬೊನೈಟ್.

ಸುಮ ಅತ್ತೆ, 6:40
ರಬ್ಬರೇ. ಅಪ್ಪನ ಪೆನ್ನು ಕಣೇ ಇದು.

ರವಿ, 6:40
ಅಯ್ಯೋ ಶುರುವಾಯ್ತು.

ಶ್ರೀಪತಿ ದೊಡ್ಡಪ್ಪ, 6:42
ಅಪ್ಪನ ಪೆನ್ನು ಅನ್ನುವುದಕ್ಕಿಂತ ಅಪ್ಪನ ಪೆನ್ನಿನ ಬ್ಯಾರೆಲ್ಲು ಅನ್ನುವುದು ಸರಿ.

ಮೋಹನ ಮಾವ, 6:43
ಭಾವ, ಪಾಲು ಮಾಡಿದ್ದು ನೀವೇ. ಬ್ಯಾರೆಲ್ಲು ನಮಗೆ, ಕ್ಯಾಪು ನಿಮಗೆ. ಜಮೀನಿಗೆ ಗಡಿಕಲ್ಲು ಹಾಕೋದು ನೋಡಿದ್ದೆ, ಪೆನ್ನಿಗೆ ಹಾಕಿದ್ದು ನಿಮ್ಮಲ್ಲೇ.

ಶ್ರೀಪತಿ ದೊಡ್ಡಪ್ಪ, 6:45
ಕ್ಯಾಪಿನ ಮೇಲೆ ಅಪ್ಪನ ಹೆಸರು ಕೆತ್ತಿದೆ. ಹಿರಿಯ ಮಗನ ಬಳಿ ಇರಬೇಕಾದ್ದು. ಅಷ್ಟಕ್ಕೂ ಪೆನ್ನು, ಪುಸ್ತಕ ಪರಹಸ್ತ ಸೇರಿದರೆ ಮರಳಿ ಬಾರವೆಂದು ಶ್ಲೋಕವೇ ಇದೆ.

ರೋಹಿಣಿ, 6:46
ಆ ಶ್ಲೋಕದಲ್ಲಿ ಮೂರನೇದು ಒಂದಿದೆ ದೊಡ್ಡಪ್ಪ, ಹೆಂಡತಿ. ಬಿಟ್ಟಿದ್ದೀರಿ, ಒಳ್ಳೇದೇ ಆಯ್ತು.

ಸುಮ ಅತ್ತೆ, 6:47
ನಾನು ಪರಹಸ್ತವೇನೋ ಅಣ್ಣ?

[ಶ್ರೀಪತಿ ದೊಡ್ಡಪ್ಪ ಈ ಸಂದೇಶವನ್ನು ಅಳಿಸಿದ್ದಾರೆ]

ರೋಹಿಣಿ, 6:50
ಅತ್ತೆ, ಅದು ಬಿಡಿ. ಪೆನ್ನಿನ ತೊಂದ್ರೆ ಏನು ಅಂತ ಸರಿಯಾಗಿ ಹೇಳಿ. ಬರೀತಾ ಬರೀತಾ ಅರ್ಧ ಪುಟಕ್ಕೆ ನಿಂತ್ರೆ ಫೀಡ್ ಕಟ್ಟಿದೆ, ಗಾಳಿ ಒಳಗೆ ಹೋಗ್ತಿಲ್ಲ. ಪುಟದ ಕೆಳಭಾಗದಲ್ಲಿ ಮಾತ್ರ ಅಕ್ಷರ ಹಾರಿದ್ರೆ ಪೆನ್ನಿನ ತಪ್ಪಲ್ಲ, ಅಂಗೈ ಜಿಡ್ಡು ಕಾಗದಕ್ಕೆ ಹತ್ತಿದೆ. ಕೈ ಕೆಳಗೆ ಒಂದು ಹಾಳೆ ಇಟ್ಕೊಳ್ಳಿ. ಪ್ರತಿ ಅಕ್ಷರದ ಮೊದಲ ಗೀಟು ಮಾತ್ರ ತಪ್ಪಿದ್ರೆ ನಿಬ್ಬಿನ ತುದಿಯ ಗುಂಡು ಒಳಮುಖವಾಗಿ ಜಾಸ್ತಿ ಸವೆದಿದೆ, ಸೀಳಿನ ಬಾಯಿ ಕಾಗದಕ್ಕೆ ಮುಟ್ಟಲ್ಲ. ರಾತ್ರಿ ಇಟ್ಟು ಬೆಳಗ್ಗೆ ತೆಗೆದಾಗ ಮಾತ್ರ ಬರದಿದ್ರೆ ಕ್ಯಾಪು.

ಸುಮ ಅತ್ತೆ, 6:53
ಬೆಳಗ್ಗೆ ಬರಲ್ಲ. ನಿಬ್ಬಿನ ತುದಿ ನೀರಿಗೆ ಮುಟ್ಟಿಸಿದ್ರೆ ಬರುತ್ತೆ. ಇಂಕು ಕಡಿಮೆ ಆದಾಗ ಇದ್ದಕ್ಕಿದ್ದ ಹಾಗೆ ದೊಡ್ಡ ಬೊಟ್ಟು ಬೇರೆ ಕಕ್ಕುತ್ತೆ.

ರವಿ, 6:54
ಅಜ್ಜನ ಕೋಪದ ಹಾಗೆ.

ಗಿರೀಶ, 6:57
ಕಕ್ಕೋದು ಡ್ರಾಪರಲ್ಲಿ ಇಂಕು ತುಂಬೋ ಪೆನ್ನಿನ ಗುಣ ಅತ್ತೆ. ಬ್ಯಾರೆಲ್ಲೇ ದವಾತಿ ಅಲ್ವಾ. ಇಂಕು ಕಡಿಮೆ ಆದಷ್ಟೂ ಒಳಗೆ ಗಾಳಿ ಜಾಸ್ತಿ. ಕೈ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನ ಹೊರಗೆ ದಬ್ಬುತ್ತೆ. ಕಾಲು ಭಾಗಕ್ಕೆ ಇಳಿಯೋ ಮೊದಲೇ ತುಂಬಿಸಿ. ಇಲ್ಲಾಂದ್ರೆ ನಿಬ್ಬು ಮೇಲೆ ಮಾಡಿ ಅರ್ಧ ನಿಮಿಷ ಮುಷ್ಟೀಲಿ ಹಿಡಿದು, ಆಮೇಲೆ ಬರೀರಿ. ಹಿಗ್ಗಿದ ಗಾಳಿ ಇಂಕು ತಳ್ಳದೆ ಹೊರಗೆ ಹೋಗುತ್ತೆ.

ಮೋಹನ ಮಾವ, 6:58
ನಾನು ಕಳಿಸಿದ್ದನ್ನ ಯಾರಾದ್ರೂ ಪೂರ್ತಿ ಓದಿದ್ರಾ?

ರೋಹಿಣಿ, 7:03
ಓದಿದೆ ಮಾವ, ಈಗ. “ಇನ್ನಷ್ಟು ಓದಿ” ಒತ್ತಿದ್ರೆ ಕೊನೇ ಸಾಲು ಹೀಗಿದೆ: “ಈ ವಿಧಾನ ದವಾತಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬಿಗೆ ಮಾತ್ರ. ಇಂಕು ತುಂಬುವ ಪೆನ್ನಿಗೆ ಮಾಡಬೇಡಿ.”

ರವಿ, 7:03
😂😂😂

ಮೋಹನ ಮಾವ, 7:04
ನೋಡಿದ್ಯಾ ಗಿರೀಶ! ನಾಲ್ಕಕ್ಕೆ ನಾಲ್ಕೂ ತಪ್ಪು ಅಂದೆ. ಮೂಲ ಕೇಳೋನು ಕೊನೇ ಸಾಲು ಓದ್ಬೇಡ್ವಾ?

ಗಿರೀಶ, 7:05
ನೀವು ಓದಿದ್ರೆ ಅತ್ತೆ ಪೆನ್ನಿಗೆ ಮದ್ದು ಅಂತ ಯಾಕೆ ಹಾಕಿದ್ರಿ ಮಾವ?

ಮೋಹನ ಮಾವ, 7:05
ಅದು ಬೇರೆ ವಿಷಯ.

ಗಿರೀಶ, 7:09
ಸರಿ, ಅದ್ದಿ ಬರೆಯೋ ನಿಬ್ಬಿಗೆ ಬಿಸಿನೀರು, ಸ್ಪಿರಿಟ್ ಎರಡೂ ಒಪ್ಪಿದೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರ್ತಾರೆ, ಅದು ಹೋದ್ರೇನೇ ಇಂಕು ಹತ್ತೋದು. ಇಂಡಿಯನ್ ಇಂಕೂ ನಡೆಯುತ್ತೆ, ಬರೆದ ತಕ್ಷಣ ತೊಳೆದು ಒರೆಸಿಟ್ರೆ. ಆದ್ರೆ ಬ್ಲೇಡು ಯಾವ ನಿಬ್ಬಿಗೂ ಸಲ್ಲ. ಸೀಳಿನ ಅಂಚು ಗೀಚುತ್ತೆ, ಸೀಳಿನ ಆಚೀಚೆಯ ಎರಡು ಕಾಲೂ ದೂರ ಸರಿಯುತ್ತೆ. ಸೀಳು ತುದಿ ಕಡೆ ಹೋಗ್ತಾ ಕಿರಿದಾಗಿರಬೇಕು, ಆಗಲೇ ಇಂಕು ತುದಿವರೆಗೆ ಏರೋದು. ಅಗಲ ಆದ್ರೆ ಮಧ್ಯದಲ್ಲೇ ನಿಂತ್ಬಿಡುತ್ತೆ. ಕಸ ತೆಗೀಬೇಕಂದ್ರೆ 0.05 ಮಿಲಿಮೀಟರಿನ ಹಿತ್ತಾಳೆ ತಗಡು. ಅದು ಉಕ್ಕಿಗಿಂತ ಮೆತ್ತಗೆ, ಗೀಚಲ್ಲ. ನಾಲ್ಕರಲ್ಲಿ ಒಂದು ತಪ್ಪು ಅನ್ನೋದಂತೂ ಉಳೀತು.

ಶ್ರೀಪತಿ ದೊಡ್ಡಪ್ಪ, 7:11
ತಪ್ಪು ಒಪ್ಪಿಕೊಳ್ಳುವುದೂ ಒಂದು ಕಲೆ ಗಿರೀಶ. ಇಷ್ಟು ಉದ್ದ ಬೇಕಿಲ್ಲ.

ಸುಮ ಅತ್ತೆ, 7:12
ನನ್ನ ಪೆನ್ನು?

ರೋಹಿಣಿ, 7:21
ಅತ್ತೆ, ಹೀಗೆ ಮಾಡಿ. ಬ್ಯಾರೆಲ್ಲು ಬಿಚ್ಚಿ ಉಳಿದ ಇಂಕು ಚೆಲ್ಲಿ. ಎಬೊನೈಟನ್ನ ಪೂರ್ತಿ ಮುಳುಗಿಸ್ಬೇಡಿ. ಒಂದು ಸಣ್ಣ ಲೋಟದಲ್ಲಿ ತಣ್ಣೀರು, ನಿಬ್ಬು ಮತ್ತು ಫೀಡ್ ಮುಳುಗೋವಷ್ಟು ಮಾತ್ರ, ಅರ್ಧ ಗಂಟೆ. ನೀರಿಗೆ ನೀಲಿ ಎಳೆ ಎಳೆಯಾಗಿ ಇಳಿಯೋದು ಕಾಣುತ್ತೆ. ಪೂರ್ತಿ ನೀಲಿಯಾದ ಮೇಲೆ ನೀರು ಬದಲಾಯಿಸಿ. ಆಮೇಲೆ ಕಿವಿ ತೊಳೆಯೋ ರಬ್ಬರ್ ಬುರುಡೆ ಇದ್ರೆ, ಬ್ಯಾರೆಲ್ಲು ಸಿಗಿಸೋ ಕಡೆಯಿಂದ ನೀರು ಒತ್ತಿ, ಹತ್ತು ಹದಿನೈದು ಸಲ. ನಿಬ್ಬಿನ ಕಡೆ ತಿಳಿ ನೀರು ಬರೋವರೆಗೆ.

ಅದಕ್ಕೂ ಬಗ್ಗದಿದ್ರೆ ಹತ್ತು ಭಾಗ ನೀರಿಗೆ ಒಂದು ಭಾಗ ಮನೆ ಸ್ವಚ್ಛ ಮಾಡೋ ಅಮೋನಿಯಾ, ಪಾತ್ರೆ ತೊಳೆಯೋ ದ್ರವ ಒಂದೇ ತೊಟ್ಟು. ಐದು ನಿಮಿಷ ಸಾಕು, ಕೂಡಲೇ ಆರೇಳು ಸಲ ಬರೀ ನೀರಲ್ಲಿ ತೊಳೀರಿ. ಸೋಪು ಉಳಿದ್ರೆ ಮುಂದೆ ಇಂಕು ಕಾಗದದ ಮೇಲೆ ಹರಡುತ್ತೆ. ಅದರ ಹತ್ತಿರ ಬ್ಲೀಚ್ ತರ್ಲೇಬೇಡಿ, ಎರಡೂ ಸೇರಿದ್ರೆ ವಿಷದ ಗಾಳಿ. ನಿಬ್ಬು ಎಳೆದು ತೆಗಿಯೋ ಆಸೆ ಬೇಡ. ಹಳೇ ಫೀಡು ತಿರುಚಿದ್ರೆ ಪಟ್ ಅಂತ ಮುರಿಯುತ್ತೆ.

ಗಿರೀಶ, 7:23
ಯಾವ ಇಂಕು ಅಂತ ಕೇಳಿಲ್ಲ ನೀನು. ಕಬ್ಬಿಣದ ಇಂಕಾದ್ರೆ, ಬರೆದ ಮೇಲೆ ಕಪ್ಪಾಗ್ತಾ ಹೋಗುತ್ತಲ್ಲ ಅದು, ಮೊದಲು ಬರೀ ನೀರಲ್ಲಿ ಪೂರ್ತಿ ತೊಳೀಬೇಕು. ಅಮೋನಿಯಾ ನೇರ ತಾಗಿದ್ರೆ ಕಬ್ಬಿಣ ಒಳಗೇ ಗಸಿ ಕಟ್ಟುತ್ತೆ.

ರೋಹಿಣಿ, 7:24
ನಾನು ನೀರೇ ಮೊದಲು ಅಂದಿದ್ದು ಗಿರೀಶಣ್ಣ. ಓದಿ.

ರವಿ, 7:24
“ಇನ್ನಷ್ಟು ಓದಿ” ಒತ್ತು ಗಿರೀಶ 😂

ಸುಮ ಅತ್ತೆ, 7:58
ಅರ್ಧ ಗಂಟೆ ಆಯ್ತು. ಎರಡು ಲೋಟ ನೀಲಿ ಬಂತು, ಮೂರನೇದು ತಿಳಿ. ಕ್ಯಾಪು ಏನು ಮಾಡ್ಲಿ? ಈಗ ಹಾಕ್ತಿರೋದು ಬೇರೆ ಪೆನ್ನಿಂದು, ತಿರುಪು ಎರಡು ಸುತ್ತಿಗೇ ನಿಲ್ಲುತ್ತೆ.

ರೋಹಿಣಿ, 8:04
ಅದೇ ಮೂಲ ಅತ್ತೆ. ಹಳೇ ಕ್ಯಾಪಿನ ಒಳಗೆ ಆಳದಲ್ಲಿ ಇನ್ನೊಂದು ಪುಟ್ಟ ಬಟ್ಟಲು ಇರುತ್ತೆ. ಪೂರ್ತಿ ತಿರುಗಿಸಿದಾಗ ಬೆರಳು ಹಿಡಿಯೋ ಭಾಗದ ಅಂಚು ಆ ಬಟ್ಟಲಿನ ಬಾಯಿಗೆ ಕೂತು ನಿಬ್ಬಿಗೆ ಗಾಳಿ ಆಡಲ್ಲ. ಬೇರೆ ಕ್ಯಾಪು ಎರಡು ಸುತ್ತಿಗೇ ನಿಂತ್ರೆ ಅಂಚು ಅಲ್ಲಿವರೆಗೆ ಮುಟ್ಟೋದೇ ಇಲ್ಲ, ರಾತ್ರಿಯೆಲ್ಲ ನಿಬ್ಬು ಒಣಗ್ತಾ ಕೂತಿರುತ್ತೆ. ಎಷ್ಟು ತೊಳೆದ್ರೂ ನಾಳಿದ್ದು ಬೆಳಗ್ಗೆ ಅದೇ ಹಾಡು. ಅಜ್ಜನ ಕ್ಯಾಪೇ ಬೇಕು.

ಮೋಹನ ಮಾವ, 8:05
ಭಾವ?

ರೋಹಿಣಿ, 8:07
ದೊಡ್ಡಪ್ಪ, ಕ್ಯಾಪಿನೊಳಗೆ ಟಾರ್ಚ್ ಬಿಟ್ಟು ಆ ಬಟ್ಟಲು ಇದ್ಯಾ ನೋಡ್ತೀರಾ? ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಇದ್ರೆ ಅಂಟು ಹಾಕಿ ಮುಚ್ಚಿಬಿಡ್ಬೇಡಿ. ಕ್ಯಾಪು ತೆಗೆಯುವಾಗ ಗಾಳಿ ಬರೋಕೆ ಬಿಟ್ಟಿರೋದು. ಅದಿಲ್ಲದಿದ್ರೆ ಕ್ಯಾಪು ಎಳೆದಾಗ ನಿಬ್ಬಿಂದ ಇಂಕೂ ಎಳ್ಕೊಂಡು ಬರುತ್ತೆ.

ರವಿ, 8:09
ಅಪ್ಪ ಟೈಪ್ ಮಾಡ್ತಿದ್ದಾರೆ… ನಿಲ್ಲಿಸಿದ್ರು… ಮತ್ತೆ ಮಾಡ್ತಿದ್ದಾರೆ…

ಶ್ರೀಪತಿ ದೊಡ್ಡಪ್ಪ, 8:16
ತೂತು ಇದೆ. ಅದನ್ನು ಬಹಳ ಹಿಂದೆಯೇ ಮೇಣ ಹಾಕಿ ಮುಚ್ಚಲಾಗಿದೆ.

ಗಿರೀಶ, 8:16
ಯಾರು ಮುಚ್ಚಿದ್ದು ದೊಡ್ಡಪ್ಪ?

ಶ್ರೀಪತಿ ದೊಡ್ಡಪ್ಪ, 8:17
ಮೂಲ ಕೇಳಬೇಡ.

ರೋಹಿಣಿ, 8:19
ಮೇಣ ಆದ್ರೆ ಪರವಾಗಿಲ್ಲ. ಮರದ ಹಲ್ಲುಕಡ್ಡಿ ತುದೀಲಿ ಮೆಲ್ಲಗೆ ಕೆದಕಿ. ಬಿಸಿನೀರು ಬೇಡ, ಅದೂ ಎಬೊನೈಟೇ.

ಶ್ರೀಪತಿ ದೊಡ್ಡಪ್ಪ, 8:31
ಬಂತು. ಬಟ್ಟಲೂ ಇದೆ.

ಮೋಹನ ಮಾವ, 8:32
ಹಾಗಾದ್ರೆ ಕ್ಯಾಪು ಯಾವಾಗ ಬರುತ್ತೆ ಭಾವ?

ಶ್ರೀಪತಿ ದೊಡ್ಡಪ್ಪ, 8:34
ಬ್ಯಾರೆಲ್ಲು ಇಲ್ಲಿಗೆ ಬರಲಿ.

ಸುಮ ಅತ್ತೆ, 8:36
ರೋಹಿಣಿ, ಟಿಶ್ಯೂ ಮೇಲೆ ನಿಬ್ಬು ಮುಟ್ಟಿಸಿದ್ರೆ ಬರೀ ನೀರಿನ ಕಲೆ, ಅಂಚಲ್ಲಿ ಮಾತ್ರ ಚೂರು ನೀಲಿ. ಸಾಕಾ?

ರೋಹಿಣಿ, 8:38
ಇನ್ನೊಂದು ಸಲ ನೀರು ಒತ್ತಿ. ಆಮೇಲೆ ಲೋಟದ ತಳಕ್ಕೆ ಟಿಶ್ಯೂ ಮಡಚಿ ಹಾಕಿ, ನಿಬ್ಬು ಕೆಳಗೆ ಮಾಡಿ ರಾತ್ರಿಯೆಲ್ಲ ನಿಲ್ಲಿಸಿ. ಒಳಗಿನ ನೀರು ತಾನೇ ಇಳಿಯುತ್ತೆ. ಇಂಕು ತುಂಬೋ ಮುಂಚೆ ಬ್ಯಾರೆಲ್ಲಿನ ತಿರುಪಿಗೆ ಸಿಲಿಕೋನ್ ಗ್ರೀಸು ಸಾಸಿವೆಕಾಳಿನಷ್ಟು ಸವರಿ, ತಿರುಪಿಗೆ ಮಾತ್ರ. ಫೀಡಿಗೆ ತಾಗಿದ್ರೆ ಅಲ್ಲಿ ಇಂಕು ಹತ್ತಲ್ಲ. ಮತ್ತೆ ಆ ಬೇರೆ ಕ್ಯಾಪು ಹಾಕ್ಬೇಡಿ ಈಗ.

ಸುಮ ಅತ್ತೆ, 8:39
ಸರಿ. ಅಣ್ಣ, ಭಾನುವಾರ ಮನೇಲಿರ್ತೀಯಾ?