ಝಾಂ ಪ್ರೈಸ್-ಮಾರ್ಸ್: ವೈದ್ಯರೊಬ್ಬರು ವೊಡೂ ವಿದ್ವಾಂಸರಾದ ಬಗೆ

ಪ್ರಶ್ನೆ (ಅರಳಿಕಟ್ಟೆ):
ಕೆರಿಬಿಯನ್ ದೇಶವಾದ ಹೈಟಿಯ ಝಾಂ ಪ್ರೈಸ್-ಮಾರ್ಸ್ (1876–1969) ಅವರ ಬಗ್ಗೆ ಓದುತ್ತಿದ್ದೇನೆ. ಅವರು ವೈದ್ಯರು, ರಾಜತಾಂತ್ರಿಕರು, ಸೆನೆಟರ್. 1930ರಲ್ಲಿ ದೇಶದ ಅಧ್ಯಕ್ಷ ಪದವಿಗೂ ಸ್ಪರ್ಧಿಸಿದ್ದರು. ಅಧಿಕಾರಕ್ಕೆ ಇಷ್ಟು ಹತ್ತಿರವಿದ್ದವರು, ತಮ್ಮ ವರ್ಗದವರು ಹೆಸರೆತ್ತಲೂ ನಾಚುತ್ತಿದ್ದ ವೊಡೂವನ್ನು (ಆಫ್ರಿಕನ್ ಮೂಲದ, ಹೈಟಿಯ ಜನಸಾಮಾನ್ಯರ ನಂಬಿಕೆ-ಆಚರಣೆಗಳನ್ನು) ಧರ್ಮವೆಂದು ಸಾಧಿಸಲು ಏಕೆ ಮುಂದಾದರು? ಅವರ ವಿದ್ವತ್ತನ್ನು ರಾಜಕೀಯದಿಂದ ಬೇರ್ಪಡಿಸಿ ಓದಬಹುದೇ?

ಉತ್ತರ 1 (ಹಳೆಯ ಓದುಗ):
ಬೇರ್ಪಡಿಸಿದರೆ ಅವರು ನಮಗೆ ಅರ್ಥವಾಗುವುದಿಲ್ಲ. 1915ರಲ್ಲಿ ಅಮೆರಿಕದ ನೌಕಾಪಡೆ ಹೈಟಿಯನ್ನು ವಶಪಡಿಸಿಕೊಂಡು 1934ರವರೆಗೆ ಅಲ್ಲಿಯೇ ನೆಲೆಯೂರಿತು. ರೈತರನ್ನು ಬಲವಂತದಿಂದ ರಸ್ತೆ ಕೆಲಸಕ್ಕೆ ಎಳೆಯಲಾಯಿತು, ಬಂಡೆದ್ದವರನ್ನು ಕೊಲ್ಲಲಾಯಿತು. ಆಗ ಪ್ಯಾರಿಸ್‌ನಲ್ಲಿ ಹೈಟಿಯ ಪ್ರತಿನಿಧಿಯಾಗಿದ್ದ ಪ್ರೈಸ್-ಮಾರ್ಸ್, ತಾಯ್ನಾಡಿಗೆ ಮರಳಿದ ಮೇಲೆ ಸುಶಿಕ್ಷಿತ ವರ್ಗವನ್ನೇ ಎದುರಿಗೆ ಕೂರಿಸಿಕೊಂಡು ಉಪನ್ಯಾಸಗಳನ್ನು ನೀಡತೊಡಗಿದರು. ಜನಸಾಮಾನ್ಯರ ಭಾಷೆಯಾದ ಕ್ರಿಯೋಲ್ ಮಾತಾಡುವ ಹಳ್ಳಿಗರಿಂದ ದೂರ ಸರಿದು, ತಮ್ಮನ್ನು ಫ್ರೆಂಚರೆಂದೇ ಭಾವಿಸಿಕೊಂಡಿದ್ದ ಗಣ್ಯರು ದೇಶವನ್ನು ಕಾಯುವುದು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆಯಾಗಿತ್ತು. ಸಮಾಜವೊಂದು ತಾನಲ್ಲದ ಇನ್ನೊಂದಾಗಿ ತನ್ನನ್ನು ಕಲ್ಪಿಸಿಕೊಳ್ಳುವ ಈ ಪ್ರವೃತ್ತಿಯನ್ನು ಅವರು ‘ಸಾಮೂಹಿಕ ಬೊವಾರಿಸಂ’ ಎಂದು ಕರೆದರು.

1928ರ ‘ಆನ್ಸಿ ಪಾರ್ಲಾ ಲೋಂಕ್ಲ್’ (‘ಮಾವ ಹೀಗೆ ನುಡಿದ’) ಈ ಕಾಳಜಿಯಿಂದಲೇ ಹುಟ್ಟಿದ ಗ್ರಂಥ. ಅದರಲ್ಲಿ ಜನಪದ ಕಥೆಗಳು, ಗಾದೆಗಳು, ಒಗಟುಗಳು, ಹಾಡುಗಳು ಮತ್ತು ನಂಬಿಕೆಗಳು ಒಂದೇ ಗೌರವದಿಂದ ಪರಿಶೀಲನೆಗೆ ಒಳಗಾಗುತ್ತವೆ. ವೊಡೂವಿಗೆ ಆತ್ಮಶಕ್ತಿಗಳಲ್ಲಿ ನಂಬಿಕೆಯಿದೆ, ಪುರೋಹಿತ ವ್ಯವಸ್ಥೆಯಿದೆ, ಗುಡಿಗಳಿವೆ, ವಿಧಿಗಳಿವೆ, ಬಾಯಿಂದ ಬಾಯಿಗೆ ಬಂದ ಸಂಪ್ರದಾಯವಿದೆ. ಆದ್ದರಿಂದ ಅದನ್ನು ಮಾಟವೆಂದಾಗಲಿ ಮೂಢನಂಬಿಕೆಯೆಂದಾಗಲಿ ತಳ್ಳಿಹಾಕದೆ ಧರ್ಮವೆಂದೇ ಪರಿಗಣಿಸಬೇಕೆಂದು ಅವರು ವಾದಿಸಿದರು. ಆ ಕಾಲದ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಇದನ್ನು ಬರೆಯಲು ಎದೆಗಾರಿಕೆ ಬೇಕಿತ್ತು.

ಉತ್ತರ 2 (ತುಂಗಾತೀರ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ವೈದ್ಯ ಪ್ರೈಸ್-ಮಾರ್ಸ್‌ರನ್ನು ನಾವು ಮರೆಯಬಾರದು. ಲ್ವಾ ಎಂಬ ದೈವಶಕ್ತಿ ಭಕ್ತರ ಮೈಮೇಲೆ ಬರುವುದನ್ನು ಅವರು ನರಮಾನಸಿಕ ವಿಕಾರವೆಂದೇ ವಿವರಿಸಿದರು. ವೊಡೂವನ್ನು ಧರ್ಮವೆಂದು ಎತ್ತಿಹಿಡಿದವರೇ ಅದರ ಕೇಂದ್ರ ಅನುಭವವನ್ನು ರೋಗಶಾಸ್ತ್ರದ ಭಾಷೆಗೆ ಒಪ್ಪಿಸಿದ್ದು ಅವರ ಬರವಣಿಗೆಯ ದೊಡ್ಡ ಬಿರುಕು ಎಂದು ನನಗೆ ತೋರುತ್ತದೆ. 1934ರಲ್ಲಿ ಹೈಟಿಯ ಮಿರೆಬಲೇ ಎಂಬಲ್ಲಿ ಕ್ಷೇತ್ರಕಾರ್ಯ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್‌ಕೊವಿಟ್ಸ್ ಈ ವಿವರಣೆಯನ್ನು ತಿರಸ್ಕರಿಸಿ, ಆ ಸಂಸ್ಕೃತಿಯೊಳಗೆ ಮೈದುಂಬುವುದು ಸಹಜವಾದ, ಕಲಿತು ಬರುವ ನಡವಳಿಕೆ ಎಂದರು. ಇಲ್ಲಿ ನನ್ನ ಒಲವು ಹರ್ಸ್‌ಕೊವಿಟ್ಸ್ ಕಡೆಗಿದೆ.

ಹಾಗೆಂದು ಪ್ರೈಸ್-ಮಾರ್ಸ್‌ರ ಕೆಲಸದ ತುರ್ತು ಕಡಿಮೆಯಾಗುವುದಿಲ್ಲ. 1941–42ರಲ್ಲಿ ಕ್ಯಾಥೊಲಿಕ್ ಚರ್ಚು ಸರ್ಕಾರದ ಬೆಂಬಲದೊಂದಿಗೆ ವೊಡೂ ವಿರುದ್ಧ ಅಭಿಯಾನ ನಡೆಸಿ ಡೋಲುಗಳನ್ನೂ ಪೂಜಾವಸ್ತುಗಳನ್ನೂ ಸುಡಿಸಿತು. ಅದೇ 1941ರಲ್ಲಿ ಲೇಖಕ ಝಾಕ್ ರೂಮ್ಯಾಂ ಜನಾಂಗಶಾಸ್ತ್ರ ಬ್ಯೂರೋವನ್ನು ಸ್ಥಾಪಿಸಿದರು, ಪ್ರೈಸ್-ಮಾರ್ಸ್ ಜನಾಂಗಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಸುಡುವ ಕೈಗಳ ಎದುರಿಗೇ ದಾಖಲಿಸುವ ಕೈಗಳೂ ಸಿದ್ಧವಾದವು.

ಉತ್ತರ 3 (ಮಲ್ಲಿಗೆಪುರ):
ಪ್ರಶ್ನೆಯ ಎರಡನೆಯ ಭಾಗಕ್ಕೆ ಅವರ ಕೊನೆಯ ವರ್ಷಗಳಲ್ಲಿ ಉತ್ತರವಿದೆ. 1956ರಲ್ಲಿ ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಸೇರಿದ ಕಪ್ಪು ಲೇಖಕರ ಮತ್ತು ಕಲಾವಿದರ ಮೊದಲ ಸಮಾವೇಶಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಮರುವರ್ಷ ಹೈಟಿಯಲ್ಲಿ ಅಧಿಕಾರಕ್ಕೆ ಬಂದ ಫ್ರಾಂಸ್ವಾ ಡುವಾಲಿಯೇ ಪ್ರೈಸ್-ಮಾರ್ಸ್‌ರ ಚಿಂತನೆಯ ವಾರಸುದಾರರೆಂದು ಹೇಳಿಕೊಂಡ ಬಳಗದಿಂದ ಬಂದವನು. ಆ ಬಳಗ ಸಂಸ್ಕೃತಿಯ ವಾದವನ್ನು ಚರ್ಮದ ಬಣ್ಣದ ರಾಜಕೀಯವಾಗಿ ತಿರುಚಿತು. ತೊಂಬತ್ತರ ವಯಸ್ಸಿನ ಪ್ರೈಸ್-ಮಾರ್ಸ್ ಸುಮ್ಮನಿರಲಿಲ್ಲ. 1967ರಲ್ಲಿ, ಡುವಾಲಿಯೇಯ ಸರ್ವಾಧಿಕಾರ ಇನ್ನೂ ಬಿಗಿಯಾಗಿದ್ದಾಗಲೇ, ಹೈಟಿಯ ಸಾಮಾಜಿಕ ಸಮಸ್ಯೆಯನ್ನು ಬಣ್ಣದ ಪೂರ್ವಗ್ರಹಕ್ಕೆ ಇಳಿಸುವುದನ್ನು ವಿರೋಧಿಸಿ ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. 1928ರ ಗ್ರಂಥವನ್ನು ಓದುವವರು ಆ ಪತ್ರವನ್ನೂ ಜೊತೆಗಿಟ್ಟುಕೊಂಡು ಓದಬೇಕೆಂದು ನನ್ನ ಕೋರಿಕೆ.